ಡ್ರಿಲ್ ಕಲಿಯೋಣ: ನಿಲ್ಲುವುದರಿಂದ ಹೆಜ್ಜೆ ಬದಲಿಸುವವರೆಗೆ

ಡ್ರಿಲ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಕಾಲು ಎತ್ತಿ ಕುಟ್ಟಲು ಶುರು ಮಾಡುತ್ತಾರೆ. ಬೂಟಿನ ಸದ್ದು ಜೋರಾಗಿ ಬಂದರೆ ಡ್ರಿಲ್ ಬಂದಂತೆ ಅನ್ನೋ ಭಾವನೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಪರೇಡ್‌ನಲ್ಲಿ ‘ಅಬೌಟ್’ ಎಂದು ಕೇಳಿದ್ದೇ ತಡ, ಗಿರಕ್ಕನೆ ತಿರುಗಿಬಿಟ್ಟೆ. ‘ಟರ್ನ್’ ಇನ್ನೂ ಬಂದಿರಲಿಲ್ಲ. ಸಾಲಿನವರೆಲ್ಲ ಒಂದು ಕಡೆ ನೋಡುತ್ತಿದ್ದಾರೆ, ನಾನೊಬ್ಬ ಅವರ ಬೆನ್ನ ಹಿಂದಕ್ಕೆ ನೋಡುತ್ತಿದ್ದೇನೆ. ಉಸ್ತಾದರು ಬೈಯಲಿಲ್ಲ. ಹತ್ತಿರ ಬಂದು, ಕಾಲು ಸರಿಯಾಗಿಯೇ ತಿರುಗಿದೆ, ಕಿವಿಗೆ ಇನ್ನೂ ಅಭ್ಯಾಸ ಬೇಕು ಅಂದರು.

ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಮೇಲೆ ಆ ಮಾತು ಎಷ್ಟು ನಿಜ ಅನ್ನುವುದು ನನಗೆ ದಿನವೂ ಕಾಣುತ್ತದೆ. ಡ್ರಿಲ್‌ನಲ್ಲಿ ಕಷ್ಟವಾದದ್ದು ಕಾಲು ಎತ್ತುವುದಲ್ಲ, ಕಾಯುವುದು. ಆಜ್ಞೆ ಪೂರ್ತಿ ಬರುವ ತನಕ ಮೈಯನ್ನು ಅಲ್ಲಾಡಿಸದೆ ಹಿಡಿದಿಡುವುದು. ಅದು ಬಂದರೆ ಉಳಿದದ್ದೆಲ್ಲ ಸ್ವಲ್ಪ ಸ್ವಲ್ಪವಾಗಿ ಬಂದೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಸೇನೆಗಳ ಡ್ರಿಲ್ ಒಂದೇ ಥರ ಇರುವುದಿಲ್ಲ. ನಾನಿಲ್ಲಿ ಹೇಳುವುದು ಮುಖ್ಯವಾಗಿ ಬ್ರಿಟಿಷ್ ಪದ್ಧತಿಯಿಂದ ಬೆಳೆದ ಡ್ರಿಲ್. ಭಾರತದ ಸೇನೆ ಮತ್ತು ಎನ್‌ಸಿಸಿಯ ಡ್ರಿಲ್‌ಗೂ ಬೇರು ಅದೇ, ಆದರೆ ಅಲ್ಲಿ ಆಜ್ಞೆಗಳು ಹಿಂದಿಯಲ್ಲಿ ಇರುತ್ತವೆ. ಅಮೆರಿಕದ ಪದ್ಧತಿ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ. ನಿಮ್ಮ ಉಸ್ತಾದರು ಬೇರೆ ರೀತಿ ಹೇಳಿಕೊಟ್ಟರೆ ಅವರು ಹೇಳಿದ್ದೇ ಸರಿ. ಒಂದು ಸಾಲಿನಲ್ಲಿ ಎಲ್ಲರೂ ಒಂದೇ ಥರ ಮಾಡುವುದು ಮುಖ್ಯ, ಅಲ್ವಾ?

ಮೊದಲು ಕಿವಿ

ಹೆಚ್ಚಿನ ಆಜ್ಞೆಗಳಲ್ಲಿ ಎರಡು ಭಾಗ ಇರುತ್ತವೆ. ಮೊದಲನೆಯದು ಎಚ್ಚರಿಸುವ ಮಾತು. ಏನು ಮಾಡಬೇಕು ಅಂತ ಅದು ತಿಳಿಸುತ್ತದೆ. ಎರಡನೆಯದು ನಡೆಸುವ ಮಾತು. ಯಾವಾಗ ಮಾಡಬೇಕು ಅಂತ ಅದು ಹೇಳುತ್ತದೆ. ‘ರೈಟ್... ಟರ್ನ್’ ಎಂಬಲ್ಲಿ ‘ರೈಟ್’ ಎಚ್ಚರಿಕೆ, ‘ಟರ್ನ್’ ಚಲನೆ. ಹಿಂದಿಯಲ್ಲಿ ‘ದಾಹಿನೇ... ಮುಡ್’ ಕೂಡ ಹಾಗೇ. ಮೊದಲ ಮಾತನ್ನು ಎಳೆದು ಹೇಳುತ್ತಾರೆ, ಎರಡನೆಯದನ್ನು ಚುಟುಕಾಗಿ, ಏರಿದ ದನಿಯಲ್ಲಿ ಹೇಳುತ್ತಾರೆ. ನಡುವೆ ಒಂದು ಮೌನ ಇರುತ್ತದೆ.

ಹೊಸಬರು ತಪ್ಪು ಮಾಡುವುದು ಆ ಮೌನದಲ್ಲೇ. ಏನು ಬರುತ್ತದೆ ಅಂತ ಗೊತ್ತಾದ ತಕ್ಷಣ ಮೈ ಹೊರಟುಬಿಡುತ್ತದೆ. ಹೆಗಲು ಸ್ವಲ್ಪ ವಾಲುತ್ತದೆ, ಹಿಮ್ಮಡಿ ಸ್ವಲ್ಪ ಏಳುತ್ತದೆ. ಇದನ್ನು ಬಿಡಿಸಲು ನಾನು ಒಂದು ಅಭ್ಯಾಸ ಮಾಡಿಸುತ್ತೇನೆ. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ಆಜ್ಞೆ ಕೊಡಬೇಕು, ಆದರೆ ನಡುವಿನ ಮೌನವನ್ನು ಒಮ್ಮೆ ಒಂದು ಸೆಕೆಂಡ್, ಒಮ್ಮೆ ನಾಲ್ಕು ಸೆಕೆಂಡ್ ಹೀಗೆ ಬದಲಿಸುತ್ತಾ ಇರಬೇಕು. ಕೆಲವು ಸಲ ಎರಡನೇ ಮಾತನ್ನು ಹೇಳಲೇಬಾರದು. ಕೇಳುವವರು ಆ ಮಾತು ಬರುವ ತನಕ ಕಣ್ಣು ಕೂಡ ಹೊರಳಿಸದೆ ನಿಲ್ಲಬೇಕು. ದಿನಾ ಐದು ನಿಮಿಷ ಸಾಕು. ಒಂದು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ನಿಲ್ಲುವುದು

ನಿಲ್ಲುವುದನ್ನು ಕಲಿಯಬೇಕಾ ಅಂತ ಅನ್ನಿಸಬಹುದು. ಬೇಕು. ಡ್ರಿಲ್‌ನ ಹೆಚ್ಚಿನ ಚಲನೆಗಳು ಶುರುವಾಗುವುದೂ ಅಟೆನ್ಶನ್‌ನಿಂದ, ಮುಗಿಯುವುದೂ ಅಟೆನ್ಶನ್‌ನಲ್ಲಿ. ಅದೇ ಸೊಟ್ಟ ಇದ್ದರೆ ಮುಂದಿನದ್ದೆಲ್ಲ ಸೊಟ್ಟ.

ಅಟೆನ್ಶನ್, ಅಂದರೆ ಸಾವಧಾನ್ ಸ್ಥಿತಿಗೆ ಬರುವುದು ಹೀಗೆ. ಎರಡೂ ಹಿಮ್ಮಡಿ ಕೂಡಿಸಿ. ಮುಂಗಾಲುಗಳ ನಡುವೆ 30 ಡಿಗ್ರಿ ಕೋನ ಇರಲಿ. 30 ಡಿಗ್ರಿ ಎಷ್ಟು ಅಂತ ಕಣ್ಣಿಗೆ ಕಾಣಬೇಕಾದರೆ ಗೋಡೆ ಗಡಿಯಾರದ ಮುಖ ನೆನಪಿಸಿಕೊಳ್ಳಿ. 12ಕ್ಕೂ 1ಕ್ಕೂ ನಡುವೆ ಇರುವ ಜಾಗ ಸರಿಯಾಗಿ 30 ಡಿಗ್ರಿ. ಮುಳ್ಳುಗಳು ಸೇರುವ ಕಡೆ ಹಿಮ್ಮಡಿ, 12ರ ಕಡೆ ಒಂದು ಪಾದ, 1ರ ಕಡೆ ಇನ್ನೊಂದು ಪಾದ. ಅಮೆರಿಕದ ಸೇನೆಯಲ್ಲಿ ಇದು 45 ಡಿಗ್ರಿ, ಅಂದರೆ 12ರಿಂದ 1ನ್ನು ದಾಟಿ ಒಂದೂವರೆಯವರೆಗೆ.

ಭಾರ ಎರಡೂ ಪಾದಗಳ ಮೇಲೆ ಸಮ ಇರಲಿ. ಹೊಟ್ಟೆ ಸಹಜವಾಗಿ ಒಳಗೆ, ಹೆಗಲು ಹಿಂದಕ್ಕೆ ಮತ್ತು ಕೆಳಕ್ಕೆ. ಈ ‘ಕೆಳಕ್ಕೆ’ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಎದೆ ಉಬ್ಬಿಸುವ ಭರದಲ್ಲಿ ಹೆಗಲು ಕಿವಿಯ ಹತ್ತಿರ ಬಂದುಬಿಡುತ್ತದೆ. ಒಮ್ಮೆ ಹೆಗಲನ್ನು ಮೇಲಕ್ಕೆ ಎತ್ತಿ, ಹಿಂದಕ್ಕೆ ತಂದು, ಕೆಳಕ್ಕೆ ಬಿಡಿ. ಬಿದ್ದ ಜಾಗವೇ ಅದರ ಜಾಗ. ಕೈಗಳು ಪಕ್ಕದಲ್ಲಿ ನೇರ. ಬೆರಳುಗಳನ್ನು ಮಡಿಸಿ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಯ ಮೇಲೆ ಕೆಳಮುಖವಾಗಿ ಇರಲಿ. ಮುಷ್ಟಿ ಬಿಗಿಯಬೇಡಿ. ನೋಟ ನಿಮ್ಮ ಕಣ್ಣಿನ ಎತ್ತರದಲ್ಲಿ ಎದುರಿಗೆ. ಒಂದು ಗುರುತು ಹಿಡಿದು ಅದನ್ನೇ ನೋಡುತ್ತಿರಿ.

ಮಂಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಂಡಿ ನೇರ ಇರಬೇಕು, ಆದರೆ ಹಿಂದಕ್ಕೆ ತಳ್ಳಿ ಬೀಗ ಹಾಕಿದಂತೆ ಇರಬಾರದು. ಪರೇಡ್‌ನಲ್ಲಿ ಧೊಪ್ಪೆಂದು ಬೀಳುವವರನ್ನು ನೀವು ನೋಡಿರಬಹುದು. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಏನೂ ಇರುವುದಿಲ್ಲ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತವೆ. ಅಲ್ಲಾಡದೆ ನಿಂತರೆ ಆ ಕೆಲಸ ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ತುಂಬಿಕೊಳ್ಳುತ್ತದೆ, ತಲೆಗೆ ಹೋಗುವುದು ಕಡಿಮೆಯಾಗುತ್ತದೆ. ಬಿಸಿಲು ಇದ್ದರೆ, ಹೊಟ್ಟೆ ಖಾಲಿ ಇದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಇದಕ್ಕೆ ಉಪಾಯ ಬೂಟಿನ ಒಳಗೇ ಇದೆ. ಹೊರಗೆ ಯಾರಿಗೂ ಕಾಣದಂತೆ ಕಾಲ್ಬೆರಳುಗಳನ್ನು ಮಡಿಸಿ, ಬಿಡಿ, ಮತ್ತೆ ಮಡಿಸಿ. ಮೀನಖಂಡವನ್ನು ಬಿಗಿದು ಸಡಿಲಿಸಿ. ಭಾರವನ್ನು ಒಂದು ಕೂದಲೆಳೆಯಷ್ಟು ಮುಂಗಾಲಿಗೆ ತಂದು ಮತ್ತೆ ಹಿಮ್ಮಡಿಗೆ ಬಿಡಿ. ಪರೇಡ್‌ಗೆ ಮೊದಲು ನೀರು ಕುಡಿಯಿರಿ, ಏನಾದರೂ ತಿನ್ನಿ. ಇಷ್ಟೆಲ್ಲ ಮಾಡಿದರೂ ಕಣ್ಣು ಮಂಜಾಗತೊಡಗಿದರೆ, ಕಿವಿ ಗುಂಯ್ ಅಂದರೆ, ತಣ್ಣಗೆ ಬೆವರು ಬಂದರೆ ಸುಮ್ನೆ ಹಟ ಮಾಡಬೇಡಿ. ಹೇಳಿ, ಕುಳಿತುಕೊಳ್ಳಿ. ಸಾಧ್ಯವಾದರೆ ಮಲಗಿ ಕಾಲು ಎತ್ತರಕ್ಕೆ ಇಡಿ. ಕುಳಿತವರು ಎದ್ದು ಮತ್ತೆ ಸಾಲಿಗೆ ಬರಬಹುದು. ನಿಂತಲ್ಲೇ ಬಿದ್ದವರು ಹಲ್ಲು, ಗದ್ದ ಒಡೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂದಿನದು ಸ್ಟ್ಯಾಂಡ್ ಅಟ್ ಈಸ್, ಅಂದರೆ ವಿಶ್ರಾಮ್. ಬಲಗಾಲು ಇದ್ದಲ್ಲೇ ಇರುತ್ತದೆ. ಎಡಗಾಲು ಮಾತ್ರ ಎಡಕ್ಕೆ ಹೋಗುತ್ತದೆ. ಎರಡು ಪಾದಗಳ ನಡುವೆ ಸುಮಾರು 12 ಇಂಚು ಇರಲಿ. ಕೈಗಳು ಬೆನ್ನ ಹಿಂದೆ, ಎಡಗೈ ಕೆಳಗೆ, ಅದರ ಅಂಗೈಯಲ್ಲಿ ಬಲಗೈ, ಬಲ ಹೆಬ್ಬೆರಳು ಎಡ ಹೆಬ್ಬೆರಳ ಮೇಲೆ. ಕಾಲು ಮತ್ತು ಕೈ ಒಂದೇ ಕ್ಷಣಕ್ಕೆ ತಮ್ಮ ಜಾಗ ಸೇರಬೇಕು. ಮೊದಲು ಕಾಲು, ಆಮೇಲೆ ಕೈ ಹುಡುಕಾಡುವುದು ಎಲ್ಲ ಹೊಸಬರ ರೂಢಿ. ಕೈಯನ್ನು ಮಾತ್ರ ಇಪ್ಪತ್ತು ಸಲ ಬೇರೆಯಾಗಿ ಅಭ್ಯಾಸ ಮಾಡಿ, ಆಮೇಲೆ ಕಾಲಿನ ಜೊತೆ ಸೇರಿಸಿ. ಹೆಸರು ವಿಶ್ರಾಮ್ ಆದರೂ ಇಲ್ಲಿ ಅಲ್ಲಾಡುವ ಹಾಗಿಲ್ಲ. ಮೈ ಸಡಿಲ ಮಾಡಲು ಬೇರೆ ಆಜ್ಞೆ ಇದೆ: ಸ್ಟ್ಯಾಂಡ್ ಈಸಿ, ಹಿಂದಿಯಲ್ಲಿ ಆರಾಮ್ ಸೇ. ಆಗಲೂ ಪಾದ ಮಾತ್ರ ಕದಲುವಂತಿಲ್ಲ.

ಎಣಿಸಿ ಕಲಿಯುವುದು

ಡ್ರಿಲ್‌ನ ಪ್ರತಿಯೊಂದು ಚಲನೆಯನ್ನೂ ತುಂಡು ತುಂಡಾಗಿ ಕಲಿಸುತ್ತಾರೆ. ‘ಒಂದು’ ಎಂದಾಗ ಮೊದಲ ತುಂಡು. ಅಲ್ಲೇ ನಿಲ್ಲಬೇಕು. ಉಸ್ತಾದರು ಬಂದು ನೋಡುತ್ತಾರೆ, ತಿದ್ದುತ್ತಾರೆ. ‘ಎರಡು’ ಎಂದಾಗ ಮುಂದಿನದು. ಈ ಪದ್ಧತಿ ಹೊಸದಲ್ಲ. 16ನೇ ಶತಮಾನದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಮಾರಿಸ್ ಎಂಬ ರಾಜಕುಮಾರ ತನ್ನ ಸೈನಿಕರಿಗೆ ಹೀಗೆಯೇ ಕಲಿಸತೊಡಗಿದ. ಆಗಿನ ಬಂದೂಕಿಗೆ ಮದ್ದು ತುಂಬಿ ಹಾರಿಸುವ ಕೆಲಸವನ್ನು ಡಚ್ಚರು 40ಕ್ಕೂ ಹೆಚ್ಚು ಸಣ್ಣ ಚಲನೆಗಳಾಗಿ ಒಡೆದರು. ಉರಿಯುವ ಬತ್ತಿ ಒಂದು ಕೈಯಲ್ಲಿ, ಮದ್ದಿನ ಪುಡಿ ಇನ್ನೊಂದು ಕೈಯಲ್ಲಿ ಹಿಡಿದ ನೂರಾರು ಜನ ಒತ್ತೊತ್ತಾಗಿ ನಿಂತಿದ್ದಾಗ, ಒಬ್ಬನ ಕ್ರಮ ತಪ್ಪಿದರೂ ಪಕ್ಕದವನ ಜೀವಕ್ಕೆ ಅಪಾಯ. ಡ್ರಿಲ್ ಹುಟ್ಟಿದ್ದು ನೋಡುಗರಿಗಾಗಿ ಅಲ್ಲ, ಪಕ್ಕದವರಿಗಾಗಿ.

1778ರ ಚಳಿಗಾಲದ ಕೊನೆಯಲ್ಲಿ ಪ್ರಷ್ಯಾದ ಸೇನಾಧಿಕಾರಿ ಫಾನ್ ಸ್ಟೊಯ್ಬೆನ್ ಅಮೆರಿಕದ ಸೈನಿಕರ ವ್ಯಾಲಿ ಫೋರ್ಜ್ ಶಿಬಿರಕ್ಕೆ ಬಂದಾಗಲೂ ಮಾಡಿದ್ದು ಇದನ್ನೇ. ಒಂದು ಸಣ್ಣ ಮಾದರಿ ತಂಡವನ್ನು ಆರಿಸಿಕೊಂಡು, ಹೇಗೆ ನಿಲ್ಲಬೇಕು, ಹೇಗೆ ಹೆಜ್ಜೆ ಇಡಬೇಕು ಎಂಬಲ್ಲಿಂದ ಶುರು ಮಾಡಿದ. ಆ ತಂಡದವರು ಕಲಿತು ಉಳಿದವರಿಗೆ ಕಲಿಸಿದರು. ನೀವು ಗೆಳೆಯರ ಜೊತೆ ಕಲಿಯುತ್ತಿದ್ದರೆ ಇದೇ ದಾರಿ ಒಳ್ಳೆಯದು. ಇಬ್ಬರು ಮೂವರು ಮೊದಲು ಚೆನ್ನಾಗಿ ಕಲಿಯಲಿ, ಆಮೇಲೆ ಉಳಿದವರಿಗೆ ಹೇಳಿಕೊಡಲಿ.

ಎಣಿಸುವಾಗ ಬಾಯಿಬಿಟ್ಟು ಹೇಳಿ: ‘ಒಂದು... ಎರಡು, ಮೂರು... ಒಂದು’. ಮೊದಲ ‘ಒಂದು’ಕ್ಕೆ ಚಲನೆ, ‘ಎರಡು, ಮೂರು’ ಎಂಬಲ್ಲಿ ಸುಮ್ಮನೆ ನಿಲ್ಲುವುದು, ಮತ್ತೆ ‘ಒಂದು’ಕ್ಕೆ ಮುಂದಿನ ಚಲನೆ. ಮತ್ತೆ ಅದೇ ಕಾಯುವಿಕೆ ನೋಡಿ. ಚಲನೆ ಚಟ್ಟನೆ ಆಗಬೇಕು, ಬಿಡುವು ಪೂರ್ತಿ ಇರಬೇಕು. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ, ನಿಧಾನವಾಗಿ ಚಲಿಸಿ ಬಿಡುವನ್ನು ನುಂಗಿಬಿಡುತ್ತಾರೆ.

ತಿರುಗುವುದು

ರೈಟ್ ಟರ್ನ್‌ಗೆ ಬಲ ಹಿಮ್ಮಡಿ ಮತ್ತು ಎಡ ಮುಂಗಾಲಿನ ಮೇಲೆ 90 ಡಿಗ್ರಿ ತಿರುಗಿ. ಭಾರ ಬಲಗಾಲಿಗೆ ಬರಲಿ. ಎರಡೂ ಮಂಡಿ ನೇರ, ಕೈಗಳು ಪಕ್ಕಕ್ಕೆ ಅಂಟಿದಂತೆ. ಇದು ‘ಒಂದು’. ಈಗ ಎಡ ಹಿಮ್ಮಡಿ ನೆಲದಿಂದ ಎದ್ದಿರುತ್ತದೆ, ಮುಂಗಾಲು ಮಾತ್ರ ನೆಲದಲ್ಲಿ. ‘ಎರಡು’ ಎಂದಾಗ ಎಡಗಾಲನ್ನು ತಂದು ಬಲಗಾಲಿಗೆ ಸೇರಿಸಿ. ಲೆಫ್ಟ್ ಟರ್ನ್, ಅಂದರೆ ಬಾಯೇ ಮುಡ್, ಇದರ ತಿರುವುಮುರುವು: ಎಡ ಹಿಮ್ಮಡಿ, ಬಲ ಮುಂಗಾಲು.

ಅಬೌಟ್ ಟರ್ನ್, ಹಿಂದಿಯ ಪೀಛೇ ಮುಡ್, ರೈಟ್ ಟರ್ನ್‌ನಂತೆಯೇ ಶುರುವಾಗುತ್ತದೆ. ಬಲಗಡೆಯಿಂದಲೇ ತಿರುಗಬೇಕು, ಆದರೆ 180 ಡಿಗ್ರಿ. ಇಲ್ಲಿ ಸಮತೋಲ ತಪ್ಪುವುದು ಸಹಜ. ಕಾರಣ ಹೆಚ್ಚಾಗಿ ಒಂದೇ. ತಲೆ ಮೊದಲು ಹೋಗಿ ಸೊಂಟ ಆಮೇಲೆ ಬರುತ್ತದೆ. ಹೊಕ್ಕುಳಿಗೆ ಒಂದು ದಾರ ಕಟ್ಟಿ ಎಳೆದಂತೆ ಭಾವಿಸಿ. ಸೊಂಟ, ಎದೆ, ತಲೆ ಒಂದೇ ಕಂಬದಂತೆ ತಿರುಗಲಿ. ಎರಡು ತೊಡೆಗಳನ್ನೂ ಒಂದಕ್ಕೊಂದು ಒತ್ತಿ ಹಿಡಿದರೆ ಅಲುಗಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಮೊದಲು ಬಲಗಾಲಿನ ಬೆರಳ ತುದಿಯನ್ನು ಎಡ ಹಿಮ್ಮಡಿಯ ಹಿಂದೆ ಇಟ್ಟು, ಆಮೇಲೆ ಅಲ್ಲೇ ಗಿರಕಿ ತಿರುಗುತ್ತಾರೆ. ಎರಡನ್ನೂ ಬೆರೆಸಬೇಡಿ.

ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಕೂಡಿಸುವ ಚಿಹ್ನೆ ಬರೆದುಕೊಳ್ಳಿ. ಅದರ ನಡುವೆ ಹಿಮ್ಮಡಿ ಇಟ್ಟು ತಿರುಗಿ. 90 ಡಿಗ್ರಿಗೆ ಬದಲಾಗಿ 80ಕ್ಕೇ ನಿಂತರೆ ಗೆರೆಯೇ ಹೇಳಿಬಿಡುತ್ತದೆ.

ನಡೆಯುವುದು

ಕ್ವಿಕ್ ಮಾರ್ಚ್, ಹಿಂದಿಯಲ್ಲಿ ತೇಜ್ ಚಲ್. ಯಾವಾಗಲೂ ಎಡಗಾಲಿನಿಂದ ಶುರು. ಅದರ ಜೊತೆ ಬಲಗೈ ಮುಂದಕ್ಕೆ. ಹೆಜ್ಜೆಯ ಉದ್ದ 30 ಇಂಚು, ಅಂದರೆ ಸುಮಾರು 76 ಸೆಂಟಿಮೀಟರ್. ವೇಗ ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ಲೆಕ್ಕ ಹಾಕಿದರೆ ನಿಮಿಷಕ್ಕೆ ಸರಿಯಾಗಿ 100 ಗಜ, ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್. ಎಲ್ಲ ಪಡೆಗಳೂ ಇದೇ ವೇಗದಲ್ಲಿ ನಡೆಯುವುದಿಲ್ಲ. ಫ್ರಾನ್ಸಿನ ಫಾರಿನ್ ಲೀಜನ್ ನಿಮಿಷಕ್ಕೆ 88 ಹೆಜ್ಜೆಯಲ್ಲಿ ಗಂಭೀರವಾಗಿ ನಡೆಯುತ್ತದೆ. ಬ್ರಿಟನ್ನಿನ ರೈಫಲ್ಸ್ ದಳ 140ರಲ್ಲಿ ಓಡಿದಂತೆ ಸಾಗುತ್ತದೆ. ನಮಗೆ ಕಲಿಯಲು 120 ಸಾಕು.

ಮೊಬೈಲ್‌ನಲ್ಲಿ ಮೆಟ್ರೋನೋಮ್ ಆ್ಯಪ್ ಹಾಕಿಕೊಂಡು 120ಕ್ಕೆ ಇಡಿ. ಮೊದಲು ನಡೆಯಬೇಡಿ. ಸುಮ್ನೆ ಕುಳಿತು ತೊಡೆಯ ಮೇಲೆ ತಾಳ ಹಾಕಿ. ವೇಗ ಕಿವಿಗೆ ಹತ್ತಲಿ. ಆಮೇಲೆ ನೆಲದ ಮೇಲೆ 76 ಸೆಂಟಿಮೀಟರಿಗೆ ಒಂದರಂತೆ ಹತ್ತು ಗೆರೆ ಎಳೆದು ಅವುಗಳ ಮೇಲೆ ನಡೆಯಿರಿ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು. ಗೆರೆ ನೋಡಲು ತಲೆ ಬಗ್ಗಿಸಬೇಡಿ. ಜೊತೆಗಾರರು ಪಕ್ಕದಿಂದ ನೋಡಿ ಹೇಳಲಿ, ಇಲ್ಲವೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಎತ್ತರ ಕಡಿಮೆ ಇರುವವರಿಗೆ, ಮಕ್ಕಳಿಗೆ 30 ಇಂಚು ಜಾಸ್ತಿ ಆಗುತ್ತದೆ. ಅವರ ತಂಡಕ್ಕೆ ಹೆಜ್ಜೆ ಚಿಕ್ಕದು ಮಾಡಿ, ಎಳೆದಾಡಿಸಬೇಡಿ.

ಕೈ ಬೀಸುವುದು ಹೆಗಲಿನಿಂದ. ಮೊಣಕೈ ಮಡಿಸಬಾರದು. ಎಷ್ಟು ಎತ್ತರ ಎಂಬುದು ಪದ್ಧತಿಗೆ ತಕ್ಕಂತೆ ಬೇರೆ. ಅಮೆರಿಕದ ಸೇನೆಯಲ್ಲಿ ಮುಂದಕ್ಕೆ 9 ಇಂಚು, ಹಿಂದಕ್ಕೆ 6 ಇಂಚು ಮಾತ್ರ. ಬ್ರಿಟಿಷ್ ಪದ್ಧತಿಯಿಂದ ಬಂದವರು ಅದಕ್ಕಿಂತ ಬಹಳ ಎತ್ತರಕ್ಕೆ ಬೀಸುತ್ತಾರೆ. ಮುಂದಕ್ಕೆ ಬೀಸುವುದು ಎಲ್ಲರಿಗೂ ನೆನಪಿರುತ್ತದೆ, ಹಿಂದಕ್ಕೆ ಬೀಸುವುದು ಮರೆತುಹೋಗುತ್ತದೆ. ಹಿಂದಕ್ಕೆ ಚೆನ್ನಾಗಿ ಹೋದ ಕೈ ಮುಂದಕ್ಕೆ ತಾನಾಗಿಯೇ ಬರುತ್ತದೆ.

ಈಗ ಎಲ್ಲ ಶಿಬಿರಗಳಲ್ಲೂ ಕಾಣುವ ಒಂದು ತೊಂದರೆ. ಎಡಗಾಲಿನ ಜೊತೆ ಎಡಗೈಯೇ ಮುಂದೆ ಬರುವುದು. ಹುಟ್ಟಿದಾಗಿನಿಂದ ಸರಿಯಾಗಿ ನಡೆದವರಿಗೆ ‘ಮಾರ್ಚ್’ ಅಂದ ತಕ್ಷಣ ಹೀಗಾಗುತ್ತದೆ. ಪಕ್ಕದವರು ನಗುತ್ತಾರೆ, ಇವರು ಇನ್ನಷ್ಟು ಗಟ್ಟಿಯಾಗುತ್ತಾರೆ, ತಪ್ಪು ಇನ್ನಷ್ಟು ಜಾಸ್ತಿಯಾಗುತ್ತದೆ. ದಯವಿಟ್ಟು ಅವರನ್ನು ನೋಡಿ ನಗಬೇಡಿ. ತಾನಾಗಿ ನಡೆಯುವ ಕೆಲಸವನ್ನು ತಲೆ ತನ್ನ ಕೈಗೆ ತೆಗೆದುಕೊಂಡಾಗ ಹೀಗಾಗುತ್ತದೆ, ಅಷ್ಟೇ. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿಗೆ ಮೂರು ವಾರ ಇದೇ ಆಯಿತು. ‘ಬಲಗೈ, ಬಲಗೈ’ ಅಂತ ಕೂಗಿದಷ್ಟೂ ಅವಳ ಎಡಗೈ ಮುಂದೆ ಬರುತ್ತಿತ್ತು. ಕೊನೆಗೆ ಕೂಗುವುದನ್ನು ಬಿಟ್ಟೆ. ಕೈ ಬಿಟ್ಟು ಸುಮ್ನೆ ನಡೆದುಕೊಂಡು ಬಾ, ಯಾವ ತಾಳವೂ ಬೇಡ ಅಂದೆ. ಬಂದಳು. ಕೈಗಳು ತಾವಾಗಿ, ಸರಿಯಾಗಿ, ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿದ್ದವು. ಆಮೇಲೆ ಅದೇ ಅಲ್ಲಾಟವನ್ನು ಪ್ರತಿ ಹತ್ತು ಹೆಜ್ಜೆಗೆ ಒಂಚೂರು ದೊಡ್ಡದು ಮಾಡು ಅಂದೆ. ಮೈದಾನದ ಆ ತುದಿ ಮುಟ್ಟುವ ಹೊತ್ತಿಗೆ ಅವಳು ಮಾರ್ಚ್ ಮಾಡುತ್ತಿದ್ದಳು. ನಿಮಗೂ ಈ ತೊಂದರೆ ಇದ್ದರೆ ಇದನ್ನೇ ಮಾಡಿ. ತಪ್ಪಿದ ತಕ್ಷಣ ಹೆಜ್ಜೆ ನಿಲ್ಲಿಸದೆ ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಬಿಡಿ, ನಾಲ್ಕು ಹೆಜ್ಜೆ ನಡೆಯಿರಿ, ಮತ್ತೆ ಬೀಸಲು ಬಿಡಿ.

ಎಡ ಬಲವೇ ಗೊಂದಲ ಆಗುವವರೂ ಇದ್ದಾರೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದ ಒಂದು ಕಥೆಯನ್ನು ಇಂದಿಗೂ ಹೇಳುತ್ತಾರೆ. ಹಳ್ಳಿಗಳಿಂದ ಬಂದ ಹೊಸ ಸೈನಿಕರ ಎಡಗಾಲಿಗೆ ಹಸಿ ಮೇವು ಒಣಗಿಸಿದ ಹುಲ್ಲನ್ನೂ ಬಲಗಾಲಿಗೆ ಪೈರು ಬಡಿದುಳಿದ ಒಣಹುಲ್ಲನ್ನೂ ಕಟ್ಟಿ, ‘ಲೆಫ್ಟ್ ರೈಟ್’ ಬದಲಿಗೆ ಆ ಹುಲ್ಲುಗಳ ಹೆಸರನ್ನೇ ಕೂಗುತ್ತಿದ್ದರಂತೆ. ಅವರಿಗೆ ಆ ಎರಡು ಹುಲ್ಲುಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನೀವು ಎಡ ಬೂಟಿಗೆ ಬಣ್ಣದ ದಾರ ಕಟ್ಟಿಕೊಂಡರೂ ಸಾಕು. ಬ್ಯಾಂಡ್ ಇದ್ದರೆ ಇನ್ನೂ ಸುಲಭ, ದೊಡ್ಡ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವುದು ಎಡಗಾಲಿಗೆ.

ನಿಂತಲ್ಲೇ ಹೆಜ್ಜೆ, ಮತ್ತು ಹಾಲ್ಟ್

ಮಾರ್ಕ್ ಟೈಮ್, ಅಂದರೆ ಕದಮ್ ತಾಲ್, ಮುಂದೆ ಹೋಗದೆ ತಾಳ ಹಿಡಿಯುವುದು. ಬ್ರಿಟಿಷ್ ಪದ್ಧತಿಯಲ್ಲಿ ಮಂಡಿಯನ್ನು ಎತ್ತರಕ್ಕೆ ತರುತ್ತಾರೆ, ತೊಡೆ ನೆಲಕ್ಕೆ ಸಮಾನಾಂತರ ಆಗುವಷ್ಟು. ಕೈಗಳು ಪಕ್ಕದಲ್ಲಿ ಅಲ್ಲಾಡದೆ ಇರಬೇಕು. ಅಮೆರಿಕದಲ್ಲಿ ಪಾದ ನೆಲದಿಂದ ಎರಡೇ ಇಂಚು ಏಳುತ್ತದೆ. ಹೆಜ್ಜೆ ಹೊಂದಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಹಾಲ್ಟ್ ಎಂದರೆ ತಕ್ಷಣ ನಿಲ್ಲುವುದು ಅಂತ ಹೊಸಬರು ತಿಳಿಯುತ್ತಾರೆ. ನಿಂತೂಬಿಡುತ್ತಾರೆ. ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ. ‘ಹಾಲ್ಟ್’ ಅಥವಾ ‘ಥಮ್’ ಕೇಳಿದ ಮೇಲೂ ಹೆಜ್ಜೆ ಬಾಕಿ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಹಿಂದಿನ ಕಾಲನ್ನು ತಂದು ಪಕ್ಕಕ್ಕೆ ಸೇರಿಸುತ್ತಾರೆ. ಬೇರೆ ಕಡೆ ನಡುವೆ ವೇಗ ತಡೆಯುವ ಒಂದು ಹೆಜ್ಜೆಯೂ ಇರಬಹುದು. ಯಾವ ಕಾಲಿನ ಮೇಲೆ ಆಜ್ಞೆ ಬೀಳುತ್ತದೆ, ಆಮೇಲೆ ಎಷ್ಟು ಎಣಿಕೆ ಅನ್ನುವುದನ್ನು ನಿಮ್ಮ ಉಸ್ತಾದರಿಂದ ಕೇಳಿ, ಬಾಯಿಪಾಠ ಮಾಡಿಕೊಳ್ಳಿ. ಕೈಗಳು ಕೊನೆಯ ಕಾಲು ಸೇರುವ ಕ್ಷಣಕ್ಕೇ ಪಕ್ಕಕ್ಕೆ ಬಂದು ನಿಲ್ಲಬೇಕು. ಕೊನೆಯ ಎಣಿಕೆಯ ಸದ್ದು ಎಲ್ಲರದ್ದೂ ಸೇರಿ ಒಂದೇ ಆಗಿ ಕೇಳಿಸಿದರೆ ಹಾಲ್ಟ್ ಬಂತು. ಟಪಟಪ ಅಂತ ಮಳೆ ಹನಿಯಂತೆ ಕೇಳಿಸಿದರೆ ಮತ್ತೊಮ್ಮೆ.

ಕಾಲು ಕುಟ್ಟುವ ಬಗ್ಗೆಯೂ ಹೇಳಿಬಿಡುತ್ತೇನೆ. ಮಂಡಿ ನೇರ ಮಾಡಿ ಹಿಮ್ಮಡಿಯಿಂದ ಕುಟ್ಟಬೇಡಿ. ಆ ಪೆಟ್ಟು ನೇರವಾಗಿ ಮೊಣಕಾಲಿನ ಮೂಳೆಗೆ, ಬೆನ್ನಿಗೆ ಹೋಗುತ್ತದೆ. ಪೂರ್ತಿ ಪಾದ ಒಟ್ಟಿಗೆ ನೆಲಕ್ಕೆ ಬರಲಿ, ಮಂಡಿ ಒಂದಿಷ್ಟು ಮೃದುವಾಗಿರಲಿ. ಮೊದಲ ಎರಡು ವಾರ ಕುಟ್ಟುವುದೇ ಬೇಡ, ಇಟ್ಟರೆ ಸಾಕು. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಶುರುವಾದರೆ ಎರಡು ಮೂರು ದಿನ ಬಿಡುವು ಕೊಡಿ. ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ವೈದ್ಯರಿಗೆ ತೋರಿಸಿ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು.

ಹೆಜ್ಜೆ ತಪ್ಪಿದಾಗ

ಎಲ್ಲರ ಎಡಗಾಲು ಮುಂದಿದೆ, ನಿಮ್ಮದು ಬಲಗಾಲು. ಆಗ ಗಾಬರಿಯಿಂದ ಕುಪ್ಪಳಿಸಿದರೆ ದೂರಕ್ಕೂ ಕಾಣುತ್ತದೆ. ಇದಕ್ಕೆಂದೇ ಚೇಂಜ್ ಸ್ಟೆಪ್ ಇದೆ, ಹಿಂದಿಯಲ್ಲಿ ಕದಮ್ ಬದಲ್. ಎಡಗಾಲು ಮುಂದಿಡಿ. ಬಲಗಾಲನ್ನು ಬೇಗ ತಂದು ಅದರ ಒಳಭಾಗವನ್ನು ಎಡ ಹಿಮ್ಮಡಿಗೆ ಮುಟ್ಟಿಸಿ. ತಕ್ಷಣ ಎಡಗಾಲನ್ನೇ ಮತ್ತೆ ಮುಂದಿಡಿ. ಸಾಧಾರಣವಾಗಿ ಎರಡು ಹೆಜ್ಜೆ ಬೀಳುವ ಹೊತ್ತಿನಲ್ಲಿ ಮೂರು ಬೀಳುತ್ತವೆ: ‘ಎಡ, ಬಲ-ಎಡ’. ಬಾಯಲ್ಲಿ ‘ತಾ, ತಕ’ ಅಂತ ಹೇಳಿಕೊಂಡು ನಿಂತಲ್ಲೇ ಮಾಡಿ ನೋಡಿ. ‘ತಾ’ ಉದ್ದ, ‘ತಕ’ ಎರಡು ಚುಟುಕು. ಚೆನ್ನಾಗಿ ಕಲಿತವರು ಇದನ್ನು ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಇದು ಬಂದ ದಿನ ಹೊಸಬರ ಮುಖದಲ್ಲಿ ಒಂದು ಧೈರ್ಯ ಬರುತ್ತದೆ. ತಪ್ಪಿದರೂ ಸರಿಮಾಡಿಕೊಳ್ಳಬಲ್ಲೆ ಅನ್ನುವ ಧೈರ್ಯ. ಅದಕ್ಕೇ ನಾನು ಇದನ್ನು ಎರಡನೇ ವಾರದಲ್ಲೇ ಹೇಳಿಕೊಡುತ್ತೇನೆ.

ಸಾಲು

ಒಬ್ಬರೇ ಕಲಿತದ್ದನ್ನು ಸಾಲಿನಲ್ಲಿ ಮಾಡುವಾಗ ಹೊಸದಾಗಿ ಕಲಿಯಬೇಕಾದದ್ದು ಕಣ್ಣಂಚಿನ ನೋಟ. ನಡೆಯುವಾಗ ತಲೆ ತಿರುಗಿಸದೆ ಪಕ್ಕದವರ ಹೆಗಲನ್ನು ಗಮನಿಸುತ್ತಿರಬೇಕು. ನಿಂತಾಗ ಸಾಲು ನೇರ ಮಾಡಲು ರೈಟ್ ಡ್ರೆಸ್, ಅಂದರೆ ದಾಹಿನೇ ಸಜ್. ಬಲತುದಿಯವರು ಕದಲುವುದಿಲ್ಲ. ಉಳಿದವರು ತಲೆಯನ್ನು ಬಲಕ್ಕೆ ತಿರುಗಿಸಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹಿಂದೆ ಮುಂದೆ ಸರಿಯುತ್ತಾರೆ. ಪಕ್ಕದವರ ಮುಖ ಪೂರ್ತಿ ಕಾಣಬೇಕು, ಅವರ ಆಚೆಯವರ ಮುಖದ ಅಂಚು ಮಾತ್ರ ಕಾಣಬೇಕು. ಮೂರನೆಯವರೂ ಪೂರ್ತಿ ಕಂಡರೆ ನೀವು ಮುಂದೆ ಬಂದಿದ್ದೀರಿ ಅಥವಾ ಹಿಂದೆ ಉಳಿದಿದ್ದೀರಿ. ‘ಐಸ್ ಫ್ರಂಟ್’ ಬಂದಾಗ ತಲೆ ಒಂದೇ ಸಲಕ್ಕೆ ಎದುರಿಗೆ.

ವ್ಹೀಲ್, ಅಂದರೆ ಸಾಲು ಸಾಲಾಗಿ ತಿರುವು ತೆಗೆದುಕೊಳ್ಳುವಾಗ, ಒಳಗಿನವರು ಹೆಜ್ಜೆ ಚಿಕ್ಕದು ಮಾಡಬೇಕು, ಹೊರಗಿನವರು ಪೂರ್ತಿ ಹೆಜ್ಜೆ ಇಡಬೇಕು. ತಾಳ ಮಾತ್ರ ಎಲ್ಲರಿಗೂ ಒಂದೇ. ಒಳಗಿನವರು ತಾಳ ನಿಧಾನ ಮಾಡಿದರೆ ಸಾಲು ಮುರಿದಂತೆ.

ಸೆಲ್ಯೂಟ್ ಬಗ್ಗೆ ಇಲ್ಲಿ ಎರಡೇ ಮಾತು. ಭಾರತದಲ್ಲಿ ಭೂಸೇನೆಯವರ ಅಂಗೈ ಎದುರಿಗೆ ಕಾಣುತ್ತದೆ, ನೌಕಾಪಡೆಯವರದು ನೆಲದ ಕಡೆಗೆ, ವಾಯುಪಡೆಯವರದು 2006ರಿಂದ ಅವೆರಡರ ನಡುವೆ 45 ಡಿಗ್ರಿಯಲ್ಲಿ. ಯಾವುದನ್ನು ಕಲಿಯುತ್ತೀರೋ ಅದನ್ನು ತಿಳಿದವರ ಎದುರಲ್ಲೇ ಕಲಿಯಿರಿ. ವಿಡಿಯೋ ನೋಡಿ ಕಲಿತ ಸೆಲ್ಯೂಟ್‌ನಲ್ಲಿ ಮೊಣಕೈ ಹೆಚ್ಚಾಗಿ ಜೋತುಬಿದ್ದಿರುತ್ತದೆ.

ಹೆಜ್ಜೆ ಕೂಡಿಸುವುದನ್ನು ಇಷ್ಟು ಹೊತ್ತು ಹೇಳಿದೆ. ಬೇಕೆಂದೇ ಕೂಡಿಸದಿರುವ ಸಂದರ್ಭವೂ ಒಂದಿದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆಯ ಮೇಲೆ 74 ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆದರು. ಸೇತುವೆ ಅವರ ತಾಳಕ್ಕೆ ತೂಗತೊಡಗಿತು. ಒಂದು ಬೋಲ್ಟ್ ಕಿತ್ತು ಒಂದು ತುದಿ ಕುಸಿಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ಸೇತುವೆ ದಾಟುವಾಗ ಹೆಜ್ಜೆ ಮುರಿಯಬೇಕು ಎಂಬ ಆದೇಶ ಬಂತು. 1850ರಲ್ಲಿ ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಬಿರುಗಾಳಿಯ ನಡುವೆ ಸೈನಿಕರು ದಾಟುತ್ತಿದ್ದ ಸೇತುವೆಯೊಂದು ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ‘ಬ್ರೇಕ್ ಸ್ಟೆಪ್’ ಕೇಳಿದರೆ ಪಕ್ಕದವರ ತಾಳ ಬಿಟ್ಟು ನಿಮ್ಮಷ್ಟಕ್ಕೆ ನಡೆಯಿರಿ. ತಿಂಗಳುಗಟ್ಟಲೆ ಒಟ್ಟಿಗೆ ನಡೆದವರಿಗೆ ಇದು ಸುಲಭವಲ್ಲ. ಕಾಲು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ಇದನ್ನೂ ಅಭ್ಯಾಸ ಮಾಡಿಸುತ್ತಾರೆ.

ದಿನದ ಅಭ್ಯಾಸ

ದಿನಾ 25 ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಮಾಡುವುದಕ್ಕಿಂತ ಇದು ಮೇಲು. ಮೊದಲ ವಾರ ನಿಲ್ಲುವುದು, ತಿರುಗುವುದು, ಕೈ ಬಿಟ್ಟು ನಡೆಯುವುದು. ಎರಡನೇ ವಾರ ಕೈ ಸೇರಿಸಿ, ಹಾಲ್ಟ್ ಮತ್ತು ಚೇಂಜ್ ಸ್ಟೆಪ್ ಶುರು ಮಾಡಿ. ಆಮೇಲೆ ನಾಲ್ಕೈದು ಜನ ಸಿಕ್ಕರೆ ಸಾಲು. ಸರದಿಯಂತೆ ಎಲ್ಲರೂ ಆಜ್ಞೆ ಕೊಡಿ. ಆಜ್ಞೆ ಕೊಟ್ಟವರಿಗೇ ಆ ಮೌನದ ಉದ್ದ ಚೆನ್ನಾಗಿ ಅರ್ಥವಾಗುವುದು.

ಒಬ್ಬರೇ ಇದ್ದ ದಿನ ಇದನ್ನು ಮಾಡಿ ನೋಡಿ. ಬಯಲು ಜಾಗದಲ್ಲಿ ನಿಮ್ಮ ಪಾದಗಳ ಸುತ್ತ ಸೀಮೆಸುಣ್ಣದಿಂದ ಒಂದು ಚಿಕ್ಕ ವೃತ್ತ ಬರೆಯಿರಿ. ಸುತ್ತಮುತ್ತ ಎಡವುವಂಥದ್ದು ಏನೂ ಇಲ್ಲ ಅಂತ ನೋಡಿಕೊಳ್ಳಿ. ಕಣ್ಣು ಮುಚ್ಚಿ, ಬಾಯಲ್ಲಿ ಎಣಿಸುತ್ತಾ 50 ಹೆಜ್ಜೆ ಮಾರ್ಕ್ ಟೈಮ್ ಮಾಡಿ, ನಿಲ್ಲಿ. ಕಣ್ಣು ಬಿಟ್ಟರೆ ಮೊದಲ ದಿನ ನೀವು ವೃತ್ತದಿಂದ ಒಂದೆರಡು ಅಡಿ ಮುಂದೆ ಇರುತ್ತೀರಿ, ಮುಖವೂ ಒಂದು ಕಡೆಗೆ ಹೊರಳಿರುತ್ತದೆ. ಎಷ್ಟು ಸರಿದಿದ್ದೀರಿ ಅಂತ ಅಲ್ಲೊಂದು ಗುರುತು ಹಾಕಿ, ತಾರೀಕು ಬರೆದಿಡಿ. ಹದಿನೈದು ದಿನ ಬಿಟ್ಟು ಮತ್ತೆ ಅದೇ ವೃತ್ತದಲ್ಲಿ ನಿಂತು ನೋಡಿ.